ಕಾಲು ಚಾಚಿ ಕೂರುವ ಕಿಟಕಿ

ಗುಬ್ಬಿ,

ಹೊಸ ಡಿಜಿಟಲ್ ಕ್ಯಾಮೆರಾ ಕೊಂಡಿದ್ದೇನೆ. ಊರಿನ ಕಟ್ಟಡಗಳ ಫೋಟೊ ತೆಗೆಯುವುದಕ್ಕೆ ಎಂದು ಎಲ್ಲರಿಗೂ ಹೇಳಿದ್ದೇನೆ. ಈ ಕಾಗದ ನಿನಗೆ ಹೇಗೂ ಕಳಿಸುವುದಿಲ್ಲ, ಅದಕ್ಕೇ ನಿಜ ಹೇಳುತ್ತೇನೆ: ಇವತ್ತು ಮೊದಲು ಹೋದದ್ದು ನಿನ್ನ ಯಜಮಾನರು ನಕ್ಷೆ ಹಾಕಿದ ಹೊಸ ಲೈಬ್ರರಿಗೆ.

ಮೊಸರಲ್ಲಿ ಕಲ್ಲು ಹುಡುಕಲು ಹೋದೆ ಎಂದುಕೋ. ಜೂಮ್ ಮಾಡಿ ಮಾಡಿ ನೋಡಿದೆ. ಒಂದು ಬಿರುಕಿಲ್ಲ, ಒಂದು ಗೆರೆ ಸೊಟ್ಟಗಿಲ್ಲ. ಮೈಯೆಲ್ಲ ಉರಿಯಿತು.

ಅಲ್ಲಿನ ವಾಚ್‌ಮನ್ ಹತ್ತಿರ ಬಂದ. "ಆ ಮೇಲಿನ ಕಿಟಕಿದೂ ಒಂದು ಫೋಟೊ ತೆಗೀರಿ ಸಾರ್. ಕಾಲು ಚಾಚಿ ಕೂತು ಓದೋ ಹಾಗೆ ಅಗಲವಾಗಿ ಮಾಡಿಸಿದ್ದಾರೆ. ನಕ್ಷೆ ಹಾಕಿದ ಸಾಹೇಬರ ಹೆಂಡ್ತಿಗೆ ಅಂಥ ಕಿಟಕಿ ಅಂದ್ರೆ ಪ್ರಾಣವಂತೆ."

"ಗೊತ್ತು," ಎಂದೆ.

"ನಿಮಗ್ಯಾರು ಹೇಳಿದ್ರು?"

ನಾನು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೆ.

ನಮ್ಮ ಬಾಡಿಗೆ ಕೋಣೆಯಲ್ಲಿ ನೀನು ಕೂತು ಓದುತ್ತಿದ್ದ ಟ್ರಂಕು ಇನ್ನೂ ಕಿಟಕಿಯ ಕೆಳಗೇ ಇದೆ.

ಫೋಟೊ ಚೆನ್ನಾಗಿಯೇ ಬಂದಿದೆ. ಕ್ಯಾಮೆರಾ ವಾರೆಯಾಗಿ ಹಿಡಿದಿದ್ದೆನೇನೋ, ಕಟ್ಟಡ ಎಡಕ್ಕೆ ವಾಲಿದೆ. ಒಂದು ಗುಂಡಿ ಒತ್ತಿದರೆ ನೆಟ್ಟಗಾಗುತ್ತದೆ ಎಂದು ಅಂಗಡಿಯವನು ತೋರಿಸಿಕೊಟ್ಟಿದ್ದ. ನಾನು ಒತ್ತಲಿಲ್ಲ. ನನ್ನ ಹತ್ತಿರವಾದರೂ ಅದು ವಾಲಿಕೊಂಡೇ ಇರಲಿ.