ಪಟ್ಟಾಕ್ಕೆ ಜಾಲರಿ ಇರಲಿಲ್ಲ

ಆಳಂದ
೧೯ ಫೆಬ್ರವರಿ ೨೦೨೫

ಪ್ರೀತಿಯ ಶಾಂಭವಿ,

ಮೊನ್ನೆ ಕಲಬುರಗಿಯ ಸಭೆಯಿಂದ ನೀನು ಊಟವನ್ನೂ ಮಾಡದೆ ಹೋಗಿಬಿಟ್ಟೆ. ನಾನು ಹಿಂದೆಯೇ ಬಸ್ ಸ್ಟ್ಯಾಂಡಿನವರೆಗೂ ಬಂದೆ. ಜೇವರ್ಗಿ ಬಸ್ ಹೊರಟಿತ್ತು. ಫೋನೂ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಜಗಳಕ್ಕಲ್ಲ. ಜಗಳವಾಡುವಷ್ಟು ಕಸುವು ಈಗ ನನ್ನಲ್ಲಿ ಉಳಿದಿಲ್ಲ.

ಭಾಗಮ್ಮನ ವಿಷಯ ಸಭೆಯಲ್ಲಿ ನೀನು ಕೇಳಿದ್ದು ಅರ್ಧ ಮಾತ್ರ. ಮಟಕಿಯ ಹೆಣ್ಣುಮಕ್ಕಳ ಸಂಘಕ್ಕೆ ನಮ್ಮ ಸಂಸ್ಥೆ ಕೊಟ್ಟ ಬೇಳೆ ಮಿಲ್ಲು ಸಂಕ್ರಾಂತಿ ಮುಗಿದ ವಾರ ಶುರುವಾಯಿತು. ಭಾಗಮ್ಮ ತೊಗರಿ ಸುರಿಯಲು ಬಗ್ಗಿದಳು. ತಿರುಗುತ್ತಿದ್ದ ಮೋಟರಿನ ಪಟ್ಟಾ, ಆ ರಬ್ಬರ್ ಬೆಲ್ಟು, ಅವಳ ಸೆರಗು ಹಿಡಿದೆಳೆಯಿತು. ಬಿಡಿಸಿಕೊಳ್ಳಲು ಕೈ ಹಾಕಿದಳು. ನಾನು ಸ್ವಿಚ್ಚಿನ ಕಡೆ ಓಡುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಬಲಗೈಯ ಬೆರಳುಗಳನ್ನು ಡಾಕ್ಟರಿಗೆ ಉಳಿಸಲಾಗಲಿಲ್ಲ.

ಆಸ್ಪತ್ರೆಯಲ್ಲಿ ನಿಮ್ಮ ನೆಲೋಗಿ ಮಿಲ್ಲಿನ ಕಸ್ತೂರಿಬಾಯಿ ಸಿಕ್ಕಳು, ಸೊಸೆಯ ಹೆರಿಗೆಗೆ ಬಂದಿದ್ದಳಂತೆ. ಭಾಗಮ್ಮನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಆ ಕೈ ನೋಡಿ ಕಸ್ತೂರಿಬಾಯಿ ಹೊರಗೆ ಬಂದವಳೇ ಗೋಡೆಗೊರಗಿ ಕೂತಳು.

"ಹೋದ ವರ್ಷ ನಂದೂ ಹಿಂಗ ಸೆರಗ ಸಿಕ್ಕಿತ್ರಿ ಅಕ್ಕಾರ. ಸೀರಿ ಹರೀತು, ಅದಕ್ಕ ಉಳದೇನಿ. ಆಮ್ಯಾಲ ಶಾಂಭವಿ ಅಕ್ಕಾರು ಪಟ್ಟಾಕ್ಕ ಕಬ್ಬಿಣದ ಜಾಲರಿ ಹಾಕಿಸ್ಯಾರ. ನಿಮಗ ಯಾರೂ ಹೇಳಲಿಲ್ಲೇನ್ರಿ?"

ನಾನೂ ಅವಳ ಪಕ್ಕ ಕೂತೆ.

ಮರುವಾರ ಆಫೀಸಿಗೆ ಹೋಗಿ ಸಂಯೋಜಕ ಸಂತೋಷಕುಮಾರರನ್ನು ಕೇಳಿದೆ. ನಿಮ್ಮ ಜೇವರ್ಗಿ ತಂಡದ ಹೋದ ವರ್ಷದ ವರದಿ ತೋರಿಸಿದರು. 'ಸುರಕ್ಷತೆಯ ಬಗ್ಗೆ ಅರಿವು ಹೆಚ್ಚಬೇಕು' ಎಂದಿತ್ತು. ಸೆರಗಿಲ್ಲ, ಪಟ್ಟಾ ಇಲ್ಲ, ಕಸ್ತೂರಿಬಾಯಿ ಇಲ್ಲ.

"ಎಲ್ಲಾ ತಂಡಕ್ಕೂ ಮೇಲ್ ಕಳಿಸೀವಲ್ರಿ ಮೇಡಂ," ಎಂದರು.

ಕಳಿಸಿದ್ದು ನಿಜ. ನಾನು ಓದಿದ್ದೂ ನಿಜ. ಓದಿ ಏನು ತಿಳಿಯಬೇಕಿತ್ತು? ನೀನು ಬರೆದದ್ದು ಬೇರೆಯೇ ಇತ್ತಂತೆ, ಅನುದಾನ ಕೊಡುವವರು ಗಾಬರಿಯಾಗುತ್ತಾರೆಂದು ಸಂತೋಷಕುಮಾರರೇ ತಿದ್ದಿದರಂತೆ. ಮುಖ ನೋಡದೆ ಒಪ್ಪಿಕೊಂಡರು. ನನಗೆ ಸಿಟ್ಟೂ ಬರಲಿಲ್ಲ.

ಸಭೆಯಲ್ಲಿ 'ಕಲಿತ ಪಾಠಗಳು' ಎಂದು ಪರದೆಯ ಮೇಲೆ ಮೂಡಿದಾಗ ಮಾತ್ರ ತಡೆಯಲಾಗಲಿಲ್ಲ. ಅದನ್ನು ಆಫ್ ಮಾಡಲು ಹೇಳಿ, ಆದದ್ದನ್ನು ಆದ ಹಾಗೆ ಹೇಳತೊಡಗಿದೆ. ಅಫಜಲಪುರ ತಂಡದ ಗುಲಫಶಾ ನಡುವೆಯೇ ಎದ್ದು ಓಡಿದಳಲ್ಲ, ಘತ್ತರಗಿಯಲ್ಲಿ ಅವಳ ಮಿಲ್ಲು ಆ ಬೆಳಿಗ್ಗೆಯೇ ಚಾಲೂ ಆಗಿತ್ತು. "ಬಂದ್ ಮಾಡ್ರಿ! ನಾ ಬರೂತನಕ ಯಾರೂ ಹತ್ರ ಹೋಗಬ್ಯಾಡ್ರಿ!" ಎಂದು ಹೊರಗೆ ಫೋನಿನಲ್ಲಿ ಕೂಗುತ್ತಿದ್ದಳು. ಮಿಲ್ಲು ನಿಂತಿತು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ನಾನು ತಿರುಗಿ ನೋಡಿದಾಗ ನಿನ್ನ ಕುರ್ಚಿ ಖಾಲಿಯಿತ್ತು.

ವರದಿ ತಿದ್ದಿದವಳು ನೀನಲ್ಲ, ಶಾಂಭವಿ. ಆದರೆ ನಾವು ವಾರವಾರವೂ ಮಾತಾಡುತ್ತಿದ್ದೆವು. ಮಾತಿನಲ್ಲಿ ನಿನ್ನ ಅತ್ತೆಯ ಮಂಡಿನೋವು ಬಂತು, ನನ್ನ ಮಗಳ ಪರೀಕ್ಷೆ ಬಂತು, ಯಾರ ಮನೆಯ ಲಗ್ನದಲ್ಲಿ ಹೋಳಿಗೆ ಸೀದದ್ದೂ ಬಂತು. ಇದೊಂದು ಬರಲಿಲ್ಲ. ನಿನ್ನ ತಂಡದ ಹೆಸರು ಕೆಡುತ್ತದೆಂದು ಅಂಜಿದೆಯಾ? ನನ್ನೆದುರೂ?

ಭಾನುವಾರ ಗುಲಫಶಾ ಘತ್ತರಗಿಯ ಹೆಣ್ಣುಮಕ್ಕಳನ್ನು ಮಿಲ್ಲಿನ ಹತ್ತಿರವೇ ಕೂಡಿಸುತ್ತಾಳೆ. ಪರದೆ, ಭಾಷಣ ಏನೂ ಇಲ್ಲ. ಕಸ್ತೂರಿಬಾಯಿ ಬರುತ್ತಾಳೆ. ಭಾಗಮ್ಮನೂ ಹಟ ಹಿಡಿದಿದ್ದಾಳೆ: "ನಾ ಬರ್ತೇನ್ರಿ. ಮಂದಿ ನನ್ನ ಕೈ ನೋಡ್ಲಿ." ಜಾಲರಿ ಹೇಗೆ ಕೂಡಿಸುವುದೆಂದು ನೀನೇ ತೋರಿಸಬೇಕು. ಬಾ.

ದಣಿದಿರುವ, ಆದರೂ ನಿನ್ನವಳೇ ಆದ
ಪಂಚಶೀಲಾ

ತಾ.ಕ.: ಭಾಗಮ್ಮ ನಿನ್ನೆ ಕೇಳಿದಳು, "ಜೇವರ್ಗಿ ಅಕ್ಕಾರಿಗೆ ಇದು ಮೊದಲ ಗೊತ್ತಿತ್ತೇನ್ರಿ?" ಗೊತ್ತಿರಲಿಲ್ಲ ಎಂದುಬಿಟ್ಟೆ. ಭಾನುವಾರ ಕಸ್ತೂರಿಬಾಯಿ ಬಾಯಿ ತೆರೆಯುವ ಮೊದಲು ನೀನೇ ಭಾಗಮ್ಮನಿಗೆ ನಿಜ ಹೇಳು.