ಬಲೆಯಿಲ್ಲದೆ ಕೊಂದ ಹಂದಿ

ದೆರ್ದಾಸ್, ಈಟಿ ಹಿಡಿದ ಕೈಗೆ ಲೇಖನಿ ಕೊಟ್ಟು ನಿನ್ನ ಹೆಂಡತಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನೀನು ಏಷ್ಯಾದಲ್ಲಿ ಎಲ್ಲಿದ್ದೀಯೋ ಯಾರಿಗೂ ಗೊತ್ತಿಲ್ಲ. ಇದನ್ನು ಒಯ್ಯುವವರೂ ಇಲ್ಲ.

ನಿನ್ನ ಮಗ ಮಾಖತಾಸ್ ನಿನ್ನೆ ಬಲೆಯಿಲ್ಲದೆ ಕಾಡುಹಂದಿ ಕೊಂದ. ಇಷ್ಟು ವರ್ಷ ಔತಣದಲ್ಲಿ ಮಕ್ಕಳಂತೆ ಕುಳಿತೇ ಉಣ್ಣುತ್ತಿದ್ದವನಿಗೆ ಗಂಡಸರ ಮಂಚದಲ್ಲಿ ಒರಗಿ ಉಣ್ಣುವ ಹಕ್ಕು ಬಂತು. ಆದರೆ ಸಾಕ್ಷಿ ಹೇಳಬೇಕಾದವನು ಅಪ್ಪ.

ಎಳೆಯ ದೊರೆಯ ಪರವಾಗಿ ಸಾಮ್ರಾಜ್ಯ ಆಳುತ್ತಿರುವ ನಮ್ಮ ಮುದಿ ಸೇನಾಪತಿ ರಾತ್ರಿಯ ಔತಣದಲ್ಲಿ ಕೇಳಿದ: "ಇವನಪ್ಪ ಎಲ್ಲಯ್ಯ?"

"ಬರ್ತಾನೆ ಸ್ವಾಮಿ. ಅಲ್ಲೀವರೆಗೆ ಅವನ ಅಣ್ಣ ನನ್ನ ಮಾತು ಸಾಕು" ಎಂದೆ.

"ತಮ್ಮನ ಜೊತೆ ಮಾತು ಬಿಟ್ಟವನ ಮಾತೇನೋ?" ಎಂದು ನಕ್ಕ. ಆಮೇಲೆ ತನ್ನ ಮಂಚದಲ್ಲೇ ಸರಿದು, "ಬಾರೋ ಮಗಾ, ಒರಗು" ಎಂದ.

ಪೂರ್ವದ ಹಳೆಯ ಸೈನಿಕರನ್ನು ಸೇನಾಪತಿ ಮನೆಗೆ ಕರೆಸುತ್ತಿದ್ದಾನೆ. ನನ್ನ ಮಂಚದಲ್ಲಿ ನಿನಗೆ ಜಾಗವಿದೆ. ದ್ರಾಕ್ಷಿ ಕೊಯ್ಲಿನ ಹುಣ್ಣಿಮೆಯೊಳಗೆ ಉತ್ತರ ಬರಬೇಕು.