ಐವತ್ತನೆಯ ಸುತ್ತು

ಕಸ್ತೂರಕ್ಕ,

೧೯೭೯ರ ಆಗಸ್ಟಿನಲ್ಲಿ ನೀವು ಗೆದ್ದ ಐವತ್ತು ಸುತ್ತಿನ ಸ್ಟಾಕ್ ಕಾರ್ ರೇಸನ್ನು ನಿಮ್ಮಿಂದ ಕಸಿದುಕೊಂಡರು. ಅದಾಗಿ ಇಪ್ಪತ್ತು ವರ್ಷ. ನೀವು ತೀರಿಕೊಂಡು ಮೂರು.

ಇವತ್ತು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ರೇಸಿಂಗ್ ಕ್ಲಬ್ಬಿನ ಪ್ರದರ್ಶನ ನೋಡಿದೆ. ನಿಮ್ಮ ಚಿತ್ರದ ಕೆಳಗೆ "ನಮ್ಮ ಮೊದಲ ಮಹಿಳಾ ಡ್ರೈವರ್, ಒಮ್ಮೆಯೂ ಗೆಲ್ಲಲಿಲ್ಲ" ಎಂದು ಬರೆದಿದ್ದಾರೆ. ಜೊತೆಗೆ ಬಂದಿದ್ದ ಆಫೀಸಿನ ರಕ್ಷಾ, "ಪಾಪ, ಟ್ರೈ ಆದ್ರೂ ಮಾಡಿದಾರಲ್ಲ ಅಂಕಲ್" ಎಂದಳು.

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಆ ರೇಸಿನ ಸುತ್ತೆಣಿಕೆಯ ಹಾಳೆಯಿತ್ತು. ಆಗ ಪ್ರತಿ ಕಾರಿನ ಸುತ್ತುಗಳನ್ನು ಒಬ್ಬೊಬ್ಬರು ಕೂತು, ಸುತ್ತಿಗೊಂದು ಗೆರೆ ಎಳೆದು ಎಣಿಸುತ್ತಿದ್ದರು. ನಿಮ್ಮ ಕಾರಿಗೆ ನಾನು. ಎಲ್ಲರಿಗಿಂತ ಮೊದಲು ಐವತ್ತನೆಯ ಗೆರೆ ಎಳೆದವನು ನಾನೇ. "ಒಂದು ಹೆಚ್ಚಾಗಿದೆ, ತಿದ್ದು" ಎಂದು ಕ್ಲಬ್ಬಿನವರು ಗದರಿದರು. ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಯಾರೊಂದಿಗೂ ಜಗಳ ಬೇಡವೆಂದು ಕೊನೆಯ ಗೆರೆ ಹೊಡೆದುಹಾಕಿ ಸಹಿ ಮಾಡಿದೆ. ನೀವು ಎರಡನೆಯವರಾದಿರಿ.

"ಇಂಜಿನಿಯರ್ ಅಂತೀ, ಐವತ್ತರ ತನಕ ಎಣಿಸಲಿಕ್ಕೆ ಬರಂಗಿಲ್ಲೇನೋ ತಮ್ಮಾ?" ಎಂದು ನೀವು ನಕ್ಕಿರಿ. ಆಮೇಲೆ ನನ್ನನ್ನೇ ಊಟಕ್ಕೆ ಕರೆದಿರಿ.

ಭಾನುವಾರ ಕ್ಲಬ್ಬಿನ ಸಭೆಯಿದೆ, ಹೋಗುತ್ತೇನೆ. ಆ ಗೆರೆ ಹೊಡೆದುಹಾಕಿಸಿದವರು ಯಾರೆಂದು ಕ್ಲಬ್ಬಿನವರು ಎಲ್ಲರೆದುರು ಹೇಳಲಿ. ಹೊಡೆದುಹಾಕಿದವನ ಸಹಿ ಹಾಳೆಯಲ್ಲೇ ಇದೆ. ಅವನೂ ಎದ್ದು ನಿಂತು ಉತ್ತರ ಕೊಡಲಿ.